ಹೊಲಿಗೆಗೆ ಬಿಟ್ಟ ಜಾಗ

೬ ಜನವರಿ ೧೯೮೯

ಪ್ರೀತಿಯ ಅಕ್ಕ,

ಹೋದ ಕಾಗದದಲ್ಲಿ ನೀನು ‘ನಿಮ್ಮ ಮನೆ ರೇಡಿಯೋ ಹೇಗಿದ್ದಾಳೆ’ ಎಂದು ಕೇಳಿದ್ದೆ. ನನ್ನ ಹೆಂಡತಿಗೆ ನೀನೇ ಇಟ್ಟ ಹೆಸರು. ಇಪ್ಪತ್ತೆರಡು ವರ್ಷದ ಹಿಂದೆ, ಮದುವೆಯಾದ ವಾರದಲ್ಲೇ, “ಇವಳನ್ನ ಆರಿಸೋ ಗುಂಡಿ ಎಲ್ಲಿದೆಯೋ ಗೋಂದು?” ಎಂದು ಕೇಳಿ ಅವಳನ್ನೂ ನಗಿಸಿದ್ದೆ. ಗುಂಡಿ ಸಿಕ್ಕಿತು ಅಕ್ಕ. ಆರು ತಿಂಗಳಿಂದ ಅವಳ ನಾಲಿಗೆ ತೊದಲುತ್ತಿತ್ತು. ಹಾಳೆ ಮಡಿಸುವಾಗ ಬೆರಳು ಸೋಲುತ್ತಿದ್ದವು. ಸುಸ್ತಿರಬೇಕು ಅಂದುಕೊಂಡು ಸುಮ್ಮನಿದ್ದೆ, ನನ್ನ ಬುದ್ಧಿಗೆ ಏನು ಹೇಳಲಿ. ಮೊನ್ನೆ ದೊಡ್ಡಾಸ್ಪತ್ರೆಯ ಡಾಕ್ಟರು ಕಾಯಿಲೆಯ ಹೆಸರು ಹೇಳಿದರು. ಪುಸ್ತಕದ ಬೆನ್ನಿನ ಮೇಲೆ ಅಚ್ಚೊತ್ತಬೇಕಾದರೆ ಎರಡು ಸಾಲು ಬೇಕು, ಅಷ್ಟುದ್ದದ ಇಂಗ್ಲಿಷ್ ಹೆಸರು. ನರಗಳು ಒಂದೊಂದಾಗಿ ಕೆಲಸ ನಿಲ್ಲಿಸುತ್ತವಂತೆ.

“ಔಷಧಿ ಇಲ್ಲ ಅಂದ್ರೆ ಈ ಊರಲ್ಲಿ ಇಲ್ವಾ, ಎಲ್ಲೂ ಇಲ್ವಾ ಡಾಕ್ಟ್ರೇ?” ಎಂದೆ.

“ನನಗೆ ಗೊತ್ತಿರೋ ಮಟ್ಟಿಗೆ ಎಲ್ಲೂ ಇಲ್ಲ.”

ಅವರಿಗೆ ಗೊತ್ತಿಲ್ಲದ್ದು ಪ್ರಪಂಚದಲ್ಲಿ ಬೇಕಾದಷ್ಟಿರಬಹುದು. ಪಾಪ, ಒಳ್ಳೆಯವರು. ಒಂದು ಇಂಗ್ಲಿಷ್ ಪತ್ರಿಕೆಯ ಹಾಳೆ ಹರಿದು ಕೊಟ್ಟರು. ಇದೇ ಕಾಯಿಲೆಯವರ ಹನ್ನೊಂದು ವಿಳಾಸ ಅದರಲ್ಲಿದೆ, ಒಂದೊಂದು ಒಂದೊಂದು ದೇಶದ್ದು. ತಮ್ಮ ತಮ್ಮಲ್ಲಿ ಪತ್ರ ಬರೆದುಕೊಳ್ಳುತ್ತಾರಂತೆ. ಹನ್ನೊಂದರಲ್ಲಿ ಒಬ್ಬರಿಗಾದರೂ ಏನಾದರೂ ಗೊತ್ತಿರದೆ ಇರುತ್ತದೆಯೇ?

ನಮ್ಮಿಬ್ಬರಲ್ಲಿ ಶಾಲೆಗೆ ಹೋದವಳು ನೀನು. ಹನ್ನೊಂದನೇ ವಯಸ್ಸಿಗೇ ಬೈಂಡಿಂಗ್ ಅಂಗಡಿ ಸೇರಿದವನು ನಾನು. ಮೂವತ್ತೆಂಟು ವರ್ಷದಿಂದ ಪುಸ್ತಕದ ಬೆನ್ನಿನ ಮೇಲೆ ಇಂಗ್ಲಿಷ್ ಅಕ್ಷರ ಚಿನ್ನದಲ್ಲಿ ಒತ್ತುತ್ತಿದ್ದೇನೆ, ಹಿತ್ತಾಳೆಯ ಆ ಇಪ್ಪತ್ತಾರೂ ಕಣ್ಣು ಮುಚ್ಚಿದರೂ ಕೈಗೆ ಸಿಗುತ್ತವೆ. ಅಕ್ಷರ ಗೊತ್ತು, ಮಾತು ಗೊತ್ತಿಲ್ಲ. ನೀನು ನನ್ನ ಪರವಾಗಿ ಹನ್ನೊಂದು ಜನಕ್ಕೂ ಬರೆ. ಜೊತೆಗೆ ನನಗೂ ಕಲಿಸು. ನಾನೇ ಬರೆಯುವಷ್ಟು ಆಗಬೇಕು.

ಗೋಂದು


೧೯ ಜನವರಿ ೧೯೮೯

ಗೋಂದು,

ನಿನ್ನ ಕಾಗದ ಆಫೀಸಿಗೆ ಒಯ್ದು ಊಟದ ಹೊತ್ತಿನಲ್ಲಿ ಎರಡು ಸಲ ಓದಿದೆ. ಏನು ಬರೆಯಬೇಕೋ ತಿಳಿಯಲಿಲ್ಲ, ಅದಕ್ಕೇ ಟೈಪ್ ಮಾಡಲು ಕೂತೆ. ಮೂವತ್ತೈದು ವರ್ಷ ಹಡಗು ಕಂಪನಿಯ ಪತ್ರ ಟೈಪ್ ಮಾಡಿದವಳಿಗೆ ಈ ಹನ್ನೊಂದು ಎಷ್ಟರ ಕೆಲಸ. ಆ ಸದ್ದಿನಲ್ಲಿ ಕಿವಿ ಹೋದರೂ ಬೆರಳು ಗಟ್ಟಿಯಾಗಿವೆ. ಎಲ್ಲಾ ಪತ್ರಕ್ಕೂ ನನ್ನ ವಿಳಾಸವೇ ಕೊಟ್ಟಿದ್ದೇನೆ. ಉತ್ತರ ಬಂದ ಹಾಗೆ ಕನ್ನಡ ಮಾಡಿ ಕಳಿಸುತ್ತೇನೆ. ಫೋನಿನ ಆಸೆ ಬಿಡು, ನೀನು ಅಲ್ಲಿಂದ ಕೂಗಿದರೆ ನನಗೆ ಬಿಟ್ಟು ಬೀದಿಗೆಲ್ಲ ಕೇಳಿಸುತ್ತದೆ.

ಪಾಠ ಜೊತೆಗಿದೆ. ದಿನಕ್ಕೆ ಹತ್ತು ಮಾತು, ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು. ನಲವತ್ತೊಂಬತ್ತಕ್ಕೆ ಶಾಲೆಗೆ ಸೇರಿದ್ದೀಯ. ಬೆಂಚಿನ ಮೇಲೆ ನಿಲ್ಲಿಸಿದರೆ ಅಳಬೇಡ.

ಒಂದು ಮಾತು. ಅಪ್ಪ ನನ್ನನ್ನು ಶಾಲೆಗೆ, ನಿನ್ನನ್ನು ಅಂಗಡಿಗೆ ಕಳಿಸಿದ ದಿನ ನೀನು ಬಾಗಿಲ ಹಿಂದೆ ನಿಂತಿದ್ದೆ. ಅದು ನನಗೆ ನೆನಪಿದೆ.

ಅಕ್ಕ


೨ ಮಾರ್ಚ್ ೧೯೮೯

ಗೋಂದು,

ಮೊದಲ ಉತ್ತರ ಬಂತು! ಯಾರು ಗೊತ್ತೇ? ಲೈಟ್‌ಹೌಸ್ ಕಾಯುವವನ ಹೆಂಡತಿ. ಸಮುದ್ರದ ನಡುವೆ ಬಂಡೆಯ ಮೇಲೆ ಅವರ ಮನೆ. ಗಂಡನಿಗೆ ಇದೇ ಕಾಯಿಲೆ, ಎರಡು ವರ್ಷವಾಯಿತಂತೆ. ಕನ್ನಡ ಮಾಡಿದ್ದೇನೆ, ಓದು.

‘ನಿಮ್ಮ ಹೆಂಡತಿಗೆ ರೇಡಿಯೋ ಎಂಬ ಹೆಸರಿತ್ತೆಂದು ಓದಿ ನಾವಿಬ್ಬರೂ ನಕ್ಕೆವು. ನಮ್ಮವರು ಹುಟ್ಟಾ ಮೌನಿ, ಮಾತು ಹೋಗಿ ಒಂದು ತಿಂಗಳಾದ ಮೇಲೆ ನನಗೆ ಗೊತ್ತಾಯಿತು. ಹೆದರಬೇಡಿ. ದೂರದಲ್ಲಿ ನಾವೂ ಇದ್ದೇವೆ. ಬ್ರೆಡ್ಡು ಹಾಲಲ್ಲಿ ನೆನೆಸಿ ಕೊಡಿ, ಗದ್ದ ಎದೆಗೆ ತಾಗುವಂತೆ ಕೂರಿಸಿ ಕೊಡಿ. ನಿಮ್ಮ ದಿನದ ವಿಷಯ ಬರೆಯಿರಿ. ಇಲ್ಲಿ ಅಲೆ ಬಿಟ್ಟರೆ ಹೊಸದೇನೂ ಬರುವುದಿಲ್ಲ.’

ನನ್ನ ಹನ್ನೊಂದರಲ್ಲಿ ಎರಡು ಪತ್ರ ಹಾಗೇ ವಾಪಸ್ಸು ಬಂದವು. ವಿಳಾಸ ಬದಲಾಗಿರಬೇಕು. ಉಳಿದವರು ಬರೆದಾರು.

ಅಕ್ಕ


೧೪ ಮಾರ್ಚ್ ೧೯೮೯

ಪ್ರೀತಿಯ ಅಕ್ಕ,

ಲೈಟ್‌ಹೌಸಿನವಳ ಪತ್ರವನ್ನು ರೇಡಿಯೋಗೆ ನಾಲ್ಕು ಸಲ ಓದಿ ಹೇಳಿದೆ. ಮೌನಿ ಗಂಡನ ಮಾತಿಗೆ ಅವಳು ನಕ್ಕ ನಗು ನೀನು ನೋಡಬೇಕಿತ್ತು, ಸದ್ದು ಸರಿಯಾಗಿ ಬರುವುದಿಲ್ಲ, ಆದರೂ ಭುಜ ಕುಣಿಯಿತು. ಗದ್ದ ತಗ್ಗಿಸಿ ಕೊಟ್ಟರೆ ನಿಜಕ್ಕೂ ಕೆಮ್ಮು ಕಡಿಮೆ. ನೋಡಿದೆಯಾ? ಡಾಕ್ಟರಿಗೆ ಗೊತ್ತಿಲ್ಲದ್ದು ಬಂಡೆಯ ಮೇಲಿನವಳಿಗೆ ಗೊತ್ತು.

ಈಗ ನನ್ನ ವಿದ್ಯಾಭ್ಯಾಸದ ಸುದ್ದಿ. ಆ ದಪ್ಪ ನೀಲಿ ಪುಸ್ತಕ ನೆನಪಿದೆಯಾ, ಗ್ರಂಥಾಲಯದವರು ಎರಡು ವರ್ಷಕ್ಕೊಮ್ಮೆ ತರುವುದು? ಏನೋ ತತ್ವಶಾಸ್ತ್ರವೆಂದು ನಾನು ಕೈ ತೊಳೆದು ಮುಟ್ಟುತ್ತಿದ್ದೆ. ನಿನ್ನೆ ಹೆಸರು ಓದಿದೆ. ಕೋಳಿ ಸಾಕುವ ಪುಸ್ತಕ! ರೇಡಿಯೋಗೆ ಹೇಳಿದರೆ, ತೊದಲುತ್ತಲೇ, “ನಮಸ್ಕಾರ ಬೇರೆ ಮಾಡ್ತಿದ್ರಿ” ಅಂದಳು. ನನಗೆ ತಿಳಿಯುವ ಹಾಗೆ ಅವಳಾಡಿದ ಕೊನೆಯ ಮಾತು ಅದೇ, ಈ ವಾರದಲ್ಲಿ.

ಕಿಟಕಿಯ ಗುಬ್ಬಿಗಳಿಗೆ ಅವಳು ಬ್ರೆಡ್ಡಿನ ಚೂರು ಹಾಕಿಸುವ ವಿಷಯ ಬೇರೆ ಹಾಳೆಯಲ್ಲಿ ಬರೆದಿದ್ದೇನೆ, ಲೈಟ್‌ಹೌಸಿಗೆ ಕಳಿಸು. ಡಾಕ್ಟರು ಮೊನ್ನೆ ಇನ್ನೇನೋ ಹೇಳುತ್ತಿದ್ದರು. ಅದು ಬಿಡು, ಅಷ್ಟು ಮುಖ್ಯವಲ್ಲ. ಲೈಟ್‌ಹೌಸಿನವನು ಈಗ ಹೇಗಿದ್ದಾನೆ, ಅದನ್ನು ಕೇಳು. ಅವನು ಇವಳಿಗಿಂತ ಒಂದೂವರೆ ವರ್ಷ ಮುಂದಿದ್ದಾನೆ. ಅವನ ದಾರಿಯೇ ಇವಳ ದಾರಿ.

ಗೋಂದು


೨೭ ಏಪ್ರಿಲ್ ೧೯೮೯

ಗೋಂದು,

ಲೈಟ್‌ಹೌಸಿನಿಂದ ಬಂದಿದೆ.

‘ಗುಬ್ಬಿಗಳ ವಿಷಯ ಓದಿ ಇವರಿಗೆ ಸಂತೋಷವಾಯಿತು. ಇಲ್ಲಿ ಗಾಳಿ ಜೋರಾಗಿದೆ. ಇವರ ಕಾಲಿಗೆ ಸ್ವಲ್ಪ ಬಲ ಬಂದಿದೆ. ಮೊನ್ನೆ ಬೆಳಿಗ್ಗೆ ಗೋಡೆ ಹಿಡಿದುಕೊಂಡು ನೂರ ಅರವತ್ತೆರಡು ಮೆಟ್ಟಿಲು ಹತ್ತಿದರು. ಮೇಲೆ ಹೋಗಿ ದೀಪದ ಗಾಜು ಒರೆಸಿದರು.’

ಇಷ್ಟೇ. ಆಫೀಸಿನಲ್ಲಿ ಕೆಲಸ ಹೆಚ್ಚು. ಈ ಸಲದ ಪಾಠದಲ್ಲಿ ಹವೆಯ ಮಾತುಗಳಿವೆ. ಮೋಡ, ಬಿಸಿಲು, ಮಂಜು.

ಅಕ್ಕ


೯ ಮೇ ೧೯೮೯

ಅಕ್ಕಾ!

ನೂರ ಅರವತ್ತೆರಡು! ಓದಿ ನಾನು ಅಂಗಡಿಯಲ್ಲಿ ಅತ್ತೆ, ಗ್ರಂಥಾಲಯದವರು ಬಂದಿದ್ದರು, ಅಂಟು ಕಣ್ಣಿಗೆ ಹಾರಿತು ಎಂದು ಸುಳ್ಳು ಹೇಳಿದೆ. ರೇಡಿಯೋ ಕೈಯಲ್ಲಿ ಎಣಿಸಲು ಹೋದಳು, ಬೆರಳು ಏಳಲಿಲ್ಲ, ಕಣ್ಣಲ್ಲೇ ಎಣಿಸಿದಳು.

ಈಗ ನಿನಗೆ ಹೇಳಬಹುದು. ಮಾರ್ಚಿನಿಂದ ಡಾಕ್ಟರು ಒಂದೇ ರಾಗ. “ಹೊಟ್ಟೆಗೆ ನೇರವಾಗಿ ಒಂದು ಟ್ಯೂಬ್ ಹಾಕೋಣ, ನುಂಗೋದು ಪೂರ್ತಿ ನಿಂತಾಗ ಊಟಕ್ಕೆ ದಾರಿ ಬೇಕು. ಈಗ ಉಸಿರಿಗೆ ಶಕ್ತಿ ಇದೆ, ಜೂನ್ ಕಳೆದ್ರೆ ನಾನು ಕೈ ಹಾಕಲ್ಲ.” ಇವಳಿಗೆ ಚಾಕು ಅಂದರೆ ಜೀವ ಹೋಗುತ್ತದೆ. ನನಗೂ. ನಿನಗೆ ಹೇಳಿದರೆ ಹಾಕಿಸು ಅನ್ನುತ್ತೀಯೆಂದು ಮುಚ್ಚಿಟ್ಟಿದ್ದೆ. ನಿನ್ನ ಕಾಗದ ಬಂದ ಮರುದಿನವೇ ಹೋಗಿ, “ಬೇಡ ಡಾಕ್ಟ್ರೇ, ನಮ್ಮವರೊಬ್ಬರು ಟ್ಯೂಬಿಲ್ಲದೇನೇ ಎದ್ದು ಓಡಾಡ್ತಿದ್ದಾರೆ” ಎಂದು ಹೇಳಿ ಬಂದೆ. ನಮ್ಮವರೊಬ್ಬರು ಅಂದೆ ನೋಡು, ಮುಖ ಕಾಣದವನನ್ನು.

ಹವೆಯ ಪಾಠ ಸಾಕು. ನನಗೆ ಮಂಜು ಬೇಡ, ಮೈಯ ಮಾತು ಬೇಕು. ಗಂಟಲು, ಉಸಿರು, ನುಂಗು. ನೀನು ಯಾಕೋ ಮುಂದಕ್ಕೆ ಹೋಗುತ್ತಲೇ ಇಲ್ಲ.

ಗೋಂದು


೨೦ ಮೇ ೧೯೮೯

ಗೋಂದು,

ಈ ಕಾಗದ ಸಿಕ್ಕಿದ ತಕ್ಷಣ ಡಾಕ್ಟರ ಹತ್ತಿರ ಹೋಗು. ಟ್ಯೂಬು ಹಾಕಿಸು. ಒಬ್ಬರಿಗೆ ಆದದ್ದು ಇನ್ನೊಬ್ಬರಿಗೆ ಆಗಬೇಕೆಂದಿಲ್ಲ. ಚಿಕ್ಕ ಕೆಲಸ ಅಂತೆ, ನಮ್ಮ ಆಫೀಸಿನ ಹತ್ತಿರದ ಔಷಧಿ ಅಂಗಡಿಯವರನ್ನು ಕೇಳಿದೆ. ನನ್ನ ಮಾತು ಕೇಳು. ಕಾರಣ ಕೇಳಬೇಡ, ಅಕ್ಕ ಹೇಳಿದಳೆಂದು ಮಾಡು.

ಮಾರ್ಚಿನಲ್ಲೇ ನನಗೆ ಯಾಕೆ ಹೇಳಲಿಲ್ಲ?

ಅಕ್ಕ


೨ ಜೂನ್ ೧೯೮೯

ಪ್ರೀತಿಯ ಅಕ್ಕ,

ಹೆದರುಪುಕ್ಕಲಿ ನೀನು. ಚಿಕ್ಕಂದಿನಲ್ಲಿ ನನ್ನ ಹಲ್ಲು ಅಲ್ಲಾಡಿದರೂ ಅಳುತ್ತಿದ್ದವಳಲ್ಲವೇ? ನಿನ್ನ ಕಾಗದ ರೇಡಿಯೋಗೆ ಓದಿದೆ. ಅವಳು ತಲೆ ಅಲ್ಲಾಡಿಸಿ, ಗೋಡೆಯ ಮೇಲೆ ನಾನು ಬರೆದಿಟ್ಟ ನೂರ ಅರವತ್ತೆರಡನ್ನು ಕಣ್ಣಿನಲ್ಲಿ ತೋರಿಸಿದಳು. ಅಷ್ಟು ಮೆಟ್ಟಿಲು ಹತ್ತಿದವನಿರುವಾಗ ಔಷಧಿ ಅಂಗಡಿಯವರ ಮಾತು ಯಾಕೆ ಕೇಳಲಿ?

ಒಂದು ಉಪಕಾರ ಮಾಡು. ಜುಲೈಗೆ ಅವಳಿಗೆ ನಲವತ್ತೈದು ತುಂಬುತ್ತದೆ. ಲೈಟ್‌ಹೌಸಿನ ಇಂಗ್ಲಿಷ್ ಪತ್ರಗಳನ್ನೆಲ್ಲ ಕಳಿಸು, ನಿನ್ನ ಕನ್ನಡದ ಜೊತೆ ಸೇರಿಸಿ ಒಂದು ಪುಸ್ತಕ ಕಟ್ಟುತ್ತೇನೆ. ಎಡಕ್ಕೆ ಇಂಗ್ಲಿಷು, ಬಲಕ್ಕೆ ಕನ್ನಡ. ಕೆಂಪು ಬಟ್ಟೆ, ಬೆನ್ನಿನ ಮೇಲೆ ಚಿನ್ನ. ಲೋಕದವರ ಪುಸ್ತಕಕ್ಕೆಲ್ಲ ಬೆನ್ನು ಕಟ್ಟಿದ್ದೇನೆ, ಇದೊಂದು ನಮ್ಮದು.

ಗೋಂದು


೧೬ ಜೂನ್ ೧೯೮೯

ಗೋಂದು,

ಪತ್ರಗಳು ಇದರ ಜೊತೆಗಿವೆ, ನಾಲ್ಕು. ಮಾರ್ಚಿನಲ್ಲಿ ಬಂದವು ಮೂರು, ಏಪ್ರಿಲಿನದು ಒಂದು. ಹುಷಾರಾಗಿ ಇಟ್ಟುಕೋ. ಡಾಕ್ಟರ ಹತ್ತಿರ ಹೋಗಿದ್ದೆಯಾ? ತಿಂಗಳು ಮುಗಿಯಲು ಎರಡೇ ವಾರ ಇದೆ. ನಿನ್ನ ಕಾಲಿಗೆ ಬೀಳುತ್ತೇನೆ, ಹೋಗು.

ಅಕ್ಕ


೧೮ ಜುಲೈ ೧೯೮೯

ಗೋಂದು,

ಒಂದು ತಿಂಗಳಿಂದ ನಿನ್ನ ಕಾಗದವಿಲ್ಲ. ಪುಸ್ತಕ ಆಯಿತೇ? ರೇಡಿಯೋ ಹೇಗಿದ್ದಾಳೆ? ಮೈಯ ಮಾತುಗಳ ಪಾಠ ಕಳಿಸಿದ್ದೇನೆ, ಗಂಟಲು, ಉಸಿರು, ಎಲ್ಲಾ ಇದೆ. ಒಂದು ಸಾಲಾದರೂ ಬರೆ. ಕಾರ್ಡಾದರೂ ಹಾಕು.

ಅಕ್ಕ


೧೧ ಆಗಸ್ಟ್ ೧೯೮೯

ಅಕ್ಕ,

ಲೈಟ್‌ಹೌಸಿನವಳ ಕಾಗದ ದೊಡ್ಡದು, ನಡುವೆ ಮಡಿಸಿದರೆ ಎರಡು ಎಲೆ. ಮೂರು ಪತ್ರ ಹಾಗೇ ಇದ್ದವು. ಏಪ್ರಿಲಿನದು ಒಂದೇ ಎಲೆ. ಹೊಲಿಯಲೆಂದು ಮಡಿಕೆಗೆ ಸೂಜಿ ಹಿಡಿದರೆ ಮಡಿಕೆಯೇ ಇಲ್ಲ. ಅಂಚು ನೋಡಿದೆ. ಮೂರು ಅಂಚು ಕಾರ್ಖಾನೆಯದು, ನಾಲ್ಕನೆಯದು ಬ್ಲೇಡಿನದು. ನೀನು ಯಾರಿಗೆ ಬೇಕಾದರೂ ಸುಳ್ಳು ಹೇಳಬಹುದಿತ್ತು, ಕಾಗದ ಮುಟ್ಟಿ ಬದುಕುವವನಿಗೆ ಕಾಗದ ಕತ್ತರಿಸಿ ಕೊಟ್ಟೆ.

ಅದು ಜೂನ್ ಇಪ್ಪತ್ತೆರಡು. ಆ ದಿನವೇ ನಿನ್ನನ್ನು ಕೇಳಬಹುದಿತ್ತು. ಕೇಳಲಿಲ್ಲ. ನನಗೂ ಇಂಗ್ಲಿಷ್ ಬರುತ್ತದೆ, ನಾನೇ ಕೇಳುತ್ತೇನೆ ಎಂಬ ಜಂಬ. ಹೊಲಿಯಲು ಬಂದಿದ್ದ ಹರಕು ನಿಘಂಟು ಎದುರಿಗಿಟ್ಟುಕೊಂಡು, ಆರು ದಿನ ಕೂತು ಹನ್ನೆರಡು ಸಾಲು ಬರೆದೆ. ನನ್ನ ಜೀವಮಾನದ ಮೊದಲ ಇಂಗ್ಲಿಷ್ ಪತ್ರ. ಅಂಚೆಗೆ ಹಾಕಿದ ದಿನ ರೇಡಿಯೋಗೆ ಹೊಸ ಸೀರೆ ಉಡಿಸಿದೆ.

ಉತ್ತರ ಎಂಟನೇ ತಾರೀಖು ಬಂತು. ಮೂರು ಬೆಳಿಗ್ಗೆ ಬೇಕಾಯಿತು ಓದಲು. ಅವಳು ಈಗ ಬಂಡೆಯ ಮೇಲೆ ಇಲ್ಲ, ತಂಗಿಯ ಮನೆಯಲ್ಲಿದ್ದಾಳೆ. ಅವಳ ಗಂಡ ಏಪ್ರಿಲ್ ಒಂದಕ್ಕೇ ಸತ್ತಿದ್ದಾನೆ. ಕಾಯಿಲೆ ಬಂದ ಮೇಲೆ ಒಂದು ಮೆಟ್ಟಿಲೂ ಹತ್ತಿಲ್ಲ. ನುಂಗಲಾಗದೆ, ಒಣಗಿ ಹೋದನಂತೆ. ‘ಟ್ಯೂಬು ಹಾಕಿಸುವುದನ್ನು ನಾವು ತಡಮಾಡಿದೆವು. ನೀವು ತಡಮಾಡಬೇಡಿ ಎಂದು ಆಗಲೇ ಬರೆದಿದ್ದೆನಲ್ಲ, ಹಾಕಿಸಿದಿರಿ ತಾನೆ?’ ಎಂದು ಕೇಳಿದ್ದಾಳೆ.

ಇವತ್ತೇ ಆ ಪತ್ರ ಹಿಡಿದುಕೊಂಡು ಆಸ್ಪತ್ರೆಗೆ ಓಡಿದೆ. ಡಾಕ್ಟರು ಮನೆಗೇ ಬಂದು ಇವಳ ಉಸಿರು ನೋಡಿದರು. ಹೊರಗೆ ಕರೆದು, “ಈಗ ಮಲಗಿಸಿ ಮತ್ತಿನ ಔಷಧಿ ಕೊಟ್ರೆ ಏಳಲ್ಲ ಕಣಪ್ಪ. ತಡ ಆಯ್ತು” ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ದಿನಕ್ಕೆ ಐದಾರು ಚಮಚ ಹಾಲು ಇಳಿಯುತ್ತದೆ.


೧೯ ಆಗಸ್ಟ್ ೧೯೮೯

ತಮ್ಮಾ,

ಕತ್ತರಿಸಿದ ಎಲೆ ಇದರಲ್ಲಿದೆ. ಸುಡಲು ಎರಡು ಸಲ ಕಡ್ಡಿ ಗೀರಿದ್ದೆ, ಆಗಲಿಲ್ಲ.

ಅವಳು ಮೊದಲ ಎಲೆಯನ್ನು ಗಂಡ ಬದುಕಿದ್ದಾಗ ಬರೆದಿದ್ದಳು, ಅದರಲ್ಲಿ ಗುಬ್ಬಿ, ಗಾಳಿ ಎಲ್ಲಾ ನಿಜವೇ, ಮೆಟ್ಟಿಲು ಹತ್ತಿದ್ದು ಮಾತ್ರ ನಾನು ಕಟ್ಟಿದ್ದು. ಎರಡನೆಯದನ್ನು ಅವನನ್ನು ಮಣ್ಣು ಮಾಡಿದ ಮೇಲೆ ಬರೆದಳು. ನಾನು ಓದುವಾಗ ನಿನ್ನ ಮಾರ್ಚಿನ ಕಾಗದ ಪಕ್ಕದಲ್ಲೇ ಇತ್ತು, ಕೋಳಿ ಪುಸ್ತಕದ್ದು. ಅವನ ದಾರಿಯೇ ಇವಳ ದಾರಿ ಎಂದು ನೀನು ಬರೆದಿದ್ದೆ. ಆ ಸಾಲಿನ ಮುಂದೆ ಈ ಸಾವನ್ನು ಹೇಗೆ ಇಡಲಿ? ಒಂದು ತಿಂಗಳು ನೀವಿಬ್ಬರೂ ನಗುತ್ತಿರಲಿ, ಮುಂದಿನ ಕಾಗದದಲ್ಲಿ ಹೇಳೋಣ ಅಂದುಕೊಂಡೆ. ಟ್ಯೂಬಿನ ಮಾತನ್ನಾದರೂ ಬರೆಯಬೇಕಿತ್ತು. ನಿನ್ನ ಡಾಕ್ಟರು ಅದರ ಹೆಸರನ್ನೇ ಎತ್ತಿಲ್ಲ, ಇನ್ನೂ ಆ ಹಂತ ದೂರವಿದೆ ಎಂದು ನಾನೇ ತೀರ್ಮಾನ ಮಾಡಿದೆ. ನೀನು ಬಚ್ಚಿಟ್ಟದ್ದು ನನಗೆ ಗೊತ್ತಿರಲಿಲ್ಲ. ನಾನು ಬಚ್ಚಿಟ್ಟದ್ದು ನಿನಗೆ ಗೊತ್ತಿರಲಿಲ್ಲ.

ಮೇ ತಿಂಗಳಲ್ಲಿ ಗೊತ್ತಾದ ಮೇಲೂ ಹೇಳಲಿಲ್ಲ. ಹಾಕಿಸು, ಹಾಕಿಸು ಎಂದು ಬರೆದೆ, ಅವನು ಸತ್ತ ಎಂಬ ಎರಡು ಮಾತು ಬರೆಯಲಿಲ್ಲ. ನೀನು ನನ್ನನ್ನು ಸುಳ್ಳಿ ಅನ್ನುತ್ತೀಯೆಂದು ಹೆದರಿದೆ. ವಾಪಸ್ಸು ಬಂದ ಎರಡು ಪತ್ರದ ವಿಳಾಸವೂ ಬದಲಾಗಿರಲಿಲ್ಲ. ಆ ಇಬ್ಬರೂ ಹೋಗಿದ್ದರು, ಲಕೋಟೆಯ ಮೇಲೆ ಅವರ ಮನೆಯವರೇ ಬರೆದಿದ್ದರು. ಉಳಿದವರಿಂದ ಬಂದದ್ದೂ ಅಂಥವೇ. ಹನ್ನೊಂದರಲ್ಲಿ ಒಂದೇ ಒಂದು ಒಳ್ಳೆ ಸುದ್ದಿ ಇದ್ದಿದ್ದರೆ ನಾನು ಸುಳ್ಳು ಕಟ್ಟುತ್ತಿರಲಿಲ್ಲ.

ಪಾಠ ನಿಧಾನ ಮಾಡಿದ್ದೂ ಬೇಕೆಂದೇ. ನೀನು ಓದಲು ಕಲಿತ ದಿನ ನನ್ನ ಕೆಲಸ ಮುಗಿಯುತ್ತದೆಂದು ಗೊತ್ತಿತ್ತು. ಒಂದು ಸಲ ನಿನ್ನ ಶಾಲೆಯನ್ನು ನಾನು ತೆಗೆದುಕೊಂಡೆ. ಈಗ ಇದನ್ನೂ ತೆಗೆದುಕೊಂಡೆ. ರಜೆ ಕೇಳಿದ್ದೇನೆ. ಬರಲೇ?

ಅಕ್ಕ


೪ ಸೆಪ್ಟೆಂಬರ್ ೧೯೮೯

ಅಕ್ಕ,

ಬರಬೇಡ. ನಿನ್ನ ಮುಖ ನೋಡಿದರೆ ಅವಳಿಗೆ ಗೊತ್ತಾಗಿಬಿಡುತ್ತದೆ. ನಿನಗೆ ಬರೆಯಲು ಬರುವಷ್ಟು ಮುಖ ಕಟ್ಟಲು ಬರುವುದಿಲ್ಲ.

ನಿನ್ನನ್ನು ಕ್ಷಮಿಸಿದ್ದೇನೆಂದು ಬರೆಯಲು ಕೂತೆ, ಕೈ ಓಡಲಿಲ್ಲ. ಇಲ್ಲ ಎಂದು ಬರೆಯಲೂ ಓಡಲಿಲ್ಲ. ಮಾರ್ಚಿನಲ್ಲಿ ‘ಅದು ಬಿಡು’ ಎಂದು ಬರೆದವನು ನಾನೇ ತಾನೆ. ಆ ಲೆಕ್ಕ ನಾವಿಬ್ಬರೂ ಬದುಕಿರುವವರೆಗೆ ಇರುತ್ತದೆ, ಈಗ ಅದಕ್ಕೆ ಹೊತ್ತಿಲ್ಲ.

ಈಗ ಅವಳಿಗೆ ಕಣ್ಣು ಮಾತ್ರ ಉಳಿದಿದೆ. ಮೊದಲು ಒಂದು ರಟ್ಟಿನ ಮೇಲೆ ಕನ್ನಡದ ಅಕ್ಷರ ಬರೆದು ತೋರಿಸುತ್ತಿದ್ದೆ, ಬೇಕಾದ ಅಕ್ಷರಕ್ಕೆ ಕಣ್ಣು ಮಿಟುಕಿಸುತ್ತಿದ್ದಳು. ಕಾಗುಣಿತವೆಲ್ಲ ದಾಟಿ ಒಂದು ಮಾತು ಆಗುವಷ್ಟರಲ್ಲಿ ಅವಳಿಗೆ ಸುಸ್ತು. ಆಮೇಲೆ ಹೊಳೆಯಿತು, ಇಂಗ್ಲಿಷಿನಲ್ಲಿ ಇಪ್ಪತ್ತಾರೇ. ಕಪ್ಪು ರಟ್ಟಿನ ಮೇಲೆ ಇಪ್ಪತ್ತಾರನ್ನೂ ಚಿನ್ನದಲ್ಲಿ ಒತ್ತಿದೆ. ಇಷ್ಟು ವರ್ಷ ಅಂಗಡಿಯಲ್ಲಿ ನೋಡಿದ ಅಕ್ಷರ, ಎರಡೇ ದಿನಕ್ಕೆ ಕಲಿತಳು. ಆ ಅಕ್ಷರದಲ್ಲಿ ಕನ್ನಡ ಆಡುತ್ತಾಳೆ. ನನ್ನ ಇಂಗ್ಲಿಷ್ ಕಲಿಕೆಯಿಂದ ಈ ಮನೆಗೆ ಬಂದದ್ದು ಇಷ್ಟೇ ಅಕ್ಕ. ಲೋಕದಲ್ಲಿ ಎಲ್ಲೂ ಔಷಧಿ ಸಿಗಲಿಲ್ಲ.

ಪುಸ್ತಕ ಅವಳ ಮುಂದಿಟ್ಟು ದಿನಾ ಓದುತ್ತೇನೆ. ಏಪ್ರಿಲಿನ ಪತ್ರಕ್ಕೆ ಬಂದಾಗ ನಿನ್ನ ಕನ್ನಡವನ್ನೇ ಓದಿದೆ. ಹತ್ತಿದ, ಗಾಜು ಒರೆಸಿದ. ಮೊನ್ನೆ ಅವಳು ರಟ್ಟಿನ ಕಡೆ ನೋಡಿದಳು. ಬೆರಳು ಓಡಿಸಿದೆ, ಒಂದೊಂದರ ಮೇಲೆ ಕಣ್ಣು ಮುಚ್ಚಿದಳು. ಎಂ, ಯು, ಎನ್, ಡಿ, ಇ. ಮುಂದೆ?

“ನಾಳೆ ಓದ್ತೀನಿ, ಅಕ್ಕನ ಕಾಗದ ಬರಬೇಕು” ಎಂದೆ. ಮರುದಿನ ಮತ್ತೆ ಅದೇ ಐದು ಅಕ್ಷರ. ನಿನ್ನೆಯೂ. ಇಪ್ಪತ್ತೆರಡು ವರ್ಷ ನನ್ನ ಪಕ್ಕ ಕೂತು ಹಾಳೆ ಮಡಿಸಿದವಳು, ಆ ಒಂಟಿ ಎಲೆ ಅವಳ ಕಣ್ಣಿಗೆ ಬಿದ್ದಿಲ್ಲವೆಂದು ನಾನು ಹೇಳಲಾರೆ. ಗೊತ್ತಿದ್ದೇ ಕೇಳುತ್ತಿದ್ದಾಳೋ ಏನೋ. ಕೇಳುತ್ತಿದ್ದಾಳಲ್ಲ, ಸಾಕು.

ನಾನೇ ಏನಾದರೂ ಕಟ್ಟಿ ಹೇಳೋಣವೆಂದು ನೋಡಿದೆ. ನನಗೆ ಬರುವುದಿಲ್ಲ. ನಿನಗೆ ಬರುತ್ತದೆ. ಗಾಜು ಒರೆಸಿದ ಮೇಲೆ ಅವನು ಏನು ಮಾಡಿದ, ಮೇಲಿನಿಂದ ಏನು ಕಂಡಿತು, ಕೆಳಗಿಳಿದು ಹೆಂಡತಿಗೆ ಏನು ಹೇಳಿದ, ಬರೆ. ಅವನು ಮಾತಾಡಲಿ. ಒಂದು ಜೋಕು ಇರಲಿ.

ಕಾಗದ ಕಂಡ ದಿನವೇ ಅಂಚೆಗೆ ಹಾಕು. ಡಾಕ್ಟರು ಹೇಳಿದ ಪ್ರಕಾರ ಇನ್ನು ಎರಡು ವಾರವೂ ಇಲ್ಲ. ಪುಸ್ತಕದಲ್ಲಿ ಆ ಎಲೆಯ ಜಾಗ ಬಿಟ್ಟಿದ್ದೇನೆ, ಅದೇ ಅಳತೆಗೆ ಕತ್ತರಿಸಿದ ಹಾಳೆ ಇದರೊಳಗಿದೆ. ಅದರ ಮೇಲೆಯೇ ಟೈಪ್ ಮಾಡು. ಎಡಗಡೆ ಒಂದು ಬೆರಳಿನಷ್ಟು ಖಾಲಿ ಬಿಡು, ಹೊಲಿಗೆಗೆ ಬೇಕು.

ಗೋಂದು